ಕೋಟಿ–ಚೆನ್ನಯ ಚಲನಚಿತ್ರಗಳು

ತುಳುನಾಡಿನ ಅವಳಿ ವೀರರಾದ ಕೋಟಿ–ಚೆನ್ನಯರ ಬದುಕನ್ನು ಕುರಿತ ತುಳು ಚಿತ್ರಗಳು. ಮೊದಲನೆಯದು ವಿಶುಕುಮಾರ್ ನಿರ್ದೇಶನದ ‘ಕೋಟಿ ಚೆನ್ನಯ’ (1973). ತುಳುವಿನ ಪ್ರಥಮ ಚಿತ್ರ ‘ಎನ್ನ ತಂಗಡಿ’ (1971) ತೆರೆಕಂಡು ಆಗ ಎರಡೇ ವರ್ಷವಾಗಿತ್ತು. ಆನಂದ್ ಪಿ. ರಾಜು ಅದೇ ವಸ್ತುವಿನ ಮೇಲೆ ಮಾಡಿದ ಚಿತ್ರ 2006ನೇ ಸಾಲಿನ ಅತ್ಯುತ್ತಮ ತುಳು ಚಿತ್ರ ರಾಷ್ಟ್ರಪ್ರಶಸ್ತಿ ಪಡೆಯಿತು. ಸೂರ್ಯೋದಯ ಪೆರಂಪಳ್ಳಿ ಅವರ ‘ದೇಯಿ ಬೈದೆತಿ’ (2019) ಈ ವೀರರ ತಾಯಿ ದೇಯಿಯ ಕಥೆ.

ಈ ಜೀವನಚಿತ್ರಗಳಿಗೆ ಮುಖ್ಯ ಆಕರ ಪಾಡ್ದನ ಎಂಬ ತುಳು ಮೌಖಿಕ ಕಥನಗೀತೆ. ಅದು ಹಾಡುವವರ ಬಾಯಲ್ಲಿ ಊರಿಂದೂರಿಗೆ ಬದಲಾಗುತ್ತದೆ. 19ನೆಯ ಶತಮಾನದಲ್ಲಿ ಯುರೋಪಿಯನ್ ಸಂಗ್ರಾಹಕರಾದ ಮ್ಯಾನರ್, ಬರ್ನೆಲ್ ಪಾಡ್ದನಗಳನ್ನು ಬರಹಕ್ಕಿಳಿಸಿದರು. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಈ ಕಥೆಗೆ ಕನ್ನಡ ಗದ್ಯದ ರೂಪ ಕೊಟ್ಟರು. ಹೀಗಿರುವಾಗ ಚಿತ್ರ ‘ಇತಿಹಾಸಕ್ಕೆ ನಿಷ್ಠ’ವೇ ಎಂದು ಕೇಳಿದರೆ ಯಾವ ಪಾಠಕ್ಕೆ ಎಂಬ ಮರುಪ್ರಶ್ನೆ ಬರುತ್ತದೆ. ಹೋಲಿಕೆಗೆ, ವಿಮಾನಯಾನ ಉದ್ಯಮಿ ಕ್ಯಾಪ್ಟನ್ ಗೋಪಿನಾಥ್ ಅವರ ಆತ್ಮಕಥೆ ಆಧರಿಸಿದ ತಮಿಳಿನ ‘ಸೂರರೈ ಪೋಟ್ರು’ (2020) ಹಾಸನ ಸೀಮೆಯ ನಾಯಕನನ್ನು ಮದುರೆ ಕಡೆಯವನನ್ನಾಗಿಸಿತು; ಪುಸ್ತಕ ತೆರೆದು ಹೋಲಿಸಿದರೆ ಎಲ್ಲಿ ಬದಲಾಯಿತೆಂದು ತಿಳಿಯುತ್ತದೆ. ಇಲ್ಲಿ ಅಂಥ ಅನುಕೂಲವಿಲ್ಲ.

ಹಾಗೆಂದು ನಿರ್ದೇಶಕನ ಕೈ ಸಡಿಲವಾಗಿಯೂ ಇಲ್ಲ. ಬೆಳ್ತಂಗಡಿ, ಉಜಿರೆ, ಬಂಟ್ವಾಳ, ಮೂಡುಬಿದಿರೆ ಸೀಮೆಯ ಪ್ರೇಕ್ಷಕನಿಗೆ ಈ ಇಬ್ಬರು ಗರಡಿಯಲ್ಲಿ (ಅವರ ಗುಡಿಯಲ್ಲಿ) ನೇಮವೆಂಬ ಆರಾಧನೆ ಪಡೆಯುವ ದೈವಗಳಾದ ಬೈದೆರ್‌ಗಳು. ಗದ್ದೆಯ ನೀರಿನ ಜಗಳದಲ್ಲಿ ಪಡುಮಲೆಯ ಅರಸ ಬಲ್ಲಾಳನ ಅಧಿಕಾರಿ ಬುದ್ಯಂತ ಸಾಯಲೇಬೇಕು; ಎಣ್ಮೂರಿನ ಪರವಾಗಿ ಪಡುಮಲೆಯ ವಿರುದ್ಧ ನಡೆದ ಕಾಳಗದಲ್ಲಿ ಕೋಟಿಗೆ ಬಾಣ ತಾಗಲೇಬೇಕು, ಚೆನ್ನಯ ಕಲ್ಲಿಗೆ ತಲೆ ಚಚ್ಚಿಕೊಂಡು ಅಣ್ಣನ ಜೊತೆಗೇ ಹೋಗಬೇಕು. ಕೈಯಲ್ಲಿ ಸುರಿಯ ಎಂಬ ಕಠಾರಿ ಇಲ್ಲದೆ ಅವರು ಅವರೇ ಅಲ್ಲ. ಸ್ವಾತಂತ್ರ್ಯ ಉಳಿಯುವುದು ಸಂಭಾಷಣೆಯಲ್ಲಿ, ಹಾಡಿನಲ್ಲಿ, ಪಾಡ್ದನ ಒಂದೇ ಉಸಿರಿಗೆ ದಾಟಿಬಿಡುವ ಮನೆಯೊಳಗಿನ ಸಂದರ್ಭಗಳಲ್ಲಿ.

ಜಗಳದ ದೃಶ್ಯವೇ ಕಠಿಣ. ಬಲ್ಲಾಳನ ಅಧಿಕಾರಿಯನ್ನು ಇರಿದ ಯುವಕರು ನ್ಯಾಯಕ್ಕಾಗಿ ಹೋರಾಡಿದವರೋ, ಸಿಟ್ಟಿಗೆ ಬಲಿಯಾದವರೋ? ಪಾಡ್ದನದಲ್ಲಿ ಎರಡಕ್ಕೂ ಜಾಗವಿದೆ. ಸಿನಿಮಾಕ್ಕೆ ಖಳನಾಯಕ ಬೇಕು, ಹಾಗಾಗಿ ಬುದ್ಯಂತ ಪೂರ್ತಿ ಕಪ್ಪಾಗುವ ಅಪಾಯ ಇದ್ದೇ ಇದೆ. ಇಸವಿ ತಪ್ಪುವುದಕ್ಕಿಂತ ಇದು ದೊಡ್ಡ ತಪ್ಪು.

ಆ ದೃಷ್ಟಿಯಿಂದ ‘ದೇಯಿ ಬೈದೆತಿ’ಯ ಆಯ್ಕೆ ಜಾಣತನದ್ದು. ಬಲ್ಲಾಳನ ಕಾಲಿನ ಗಾಯ ವಾಸಿಮಾಡಿದ ಮದ್ದುಗಾರ್ತಿ ಪಾಡ್ದನದಲ್ಲಿ ಮಕ್ಕಳಿಗಿಂತ ಮೊದಲೇ ಬರುತ್ತಾಳೆ. ಅವಳನ್ನು ನಡುವೆ ನಿಲ್ಲಿಸಲು ಏನನ್ನೂ ಹೊಸದಾಗಿ ಹುಟ್ಟಿಸಬೇಕಿಲ್ಲ.