ಶಿಶುವಸ್ತ್ರ ವಿಚಾರ

ಕಳೆದ ಮಳೆಗಾಲದಲ್ಲಿ ನನ್ನ ಮಗಳು ಬಾಣಂತನಕ್ಕಾಗಿ ಬಂಟ್ವಾಳದ ನಮ್ಮ ಮನೆಗೆ ಬಂದಿದ್ದಳು. ಮಗುವಿಗೆ ನಾಮಕರಣದ ದಿನ ತೊಡಿಸುವುದಕ್ಕೆಂದು ನಾನೇ ಪೇಟೆಗೆ ಹೋಗಿ, ಕಣ್ಣು ಕೋರೈಸುವ ಕೆಂಬಣ್ಣದ ಅಂಗಿಯೊಂದನ್ನು ಕೊಂಡುತಂದೆನು. ಸಾಯಂಕಾಲವಾಗುವುದರೊಳಗೆ ಶಿಶುವಿನ ಕೊರಳಿನ ಸುತ್ತ ಗುಳ್ಳೆಗಳೆದ್ದುವು. ಬೆವರಿದೆಡೆಯಲ್ಲಿ ಅಂಗಿಯ ಬಣ್ಣವು ಮೈಗೆ ಹತ್ತಿಕೊಂಡಿತ್ತು. ಎಂಬತ್ತೆಂಟು ವರ್ಷದ ನನ್ನ ದೊಡ್ಡಮ್ಮ ಅದನ್ನು ಕಳಚಿ, ತನ್ನ ಹಳೆಯ ನೂಲಿನ ಸೀರೆಯ ತುಂಡೊಂದನ್ನು ಮಗುವಿಗೆ ಸುತ್ತಿ, “ಇದು ಎಲ್ಲಿಯ ಅರಿವೆ ಮಗಾ? ನೆಯ್ದದ್ದು ಯಾರು?” ಎಂದು ಕೇಳಿದರು. ನಾನು ನಿರುತ್ತರನಾದೆನು. ಅಂಗಿಗೆ ಕಟ್ಟಿದ್ದ ಚೀಟಿಯಲ್ಲಿ ಅಳತೆಯೂ ಬೆಲೆಯೂ ಇದ್ದುವಲ್ಲದೆ ಮತ್ತೇನೂ ಇರಲಿಲ್ಲ. ಆ ಪ್ರಶ್ನೆಯ ಬೆನ್ನುಹಿಡಿದು ಹೋದಾಗ ದೊರೆತ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುತ್ತೇನೆ.

ಶಿಶುವಸ್ತ್ರದ ವಿಚಾರವು ನಮ್ಮವರಿಗೆ ಹೊಸತಲ್ಲ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಶಿಶುವಿನ ಹಾಸಿಗೆಯೂ ಹೊದಿಕೆಯೂ ಮೃದುವಾಗಿ, ಹಗುರವಾಗಿ, ಶುಚಿಯಾಗಿ, ಸುಗಂಧಯುಕ್ತವಾಗಿ ಇರಬೇಕೆಂದು ವಿಧಿಸಲ್ಪಟ್ಟಿದೆ. ಬೆವರು, ಮಲ, ಕ್ರಿಮಿಗಳಿಂದ ಕೆಟ್ಟವುಗಳನ್ನು ಬಿಡಬೇಕು. ಆಚಾರ್ಯನು ಇಷ್ಟಕ್ಕೇ ನಿಲ್ಲಿಸಿದ್ದರೆ ಅದು ಶ್ರೀಮಂತರಿಗೆ ಮಾತ್ರ ಹೇಳಿದ ಮಾತಾಗುತ್ತಿತ್ತು. ಬೇರೆ ಬಟ್ಟೆ ದೊರೆಯದಿದ್ದರೆ ಅವನ್ನೇ ಚೆನ್ನಾಗಿ ಒಗೆದು, ಧೂಪವಿಟ್ಟು, ಒಣಗಿಸಿ ಮತ್ತೆ ಉಪಯೋಗಿಸಬಹುದೆಂದು ಆತನು ಮುಂದರಿಸುತ್ತಾನೆ. ಧೂಪಕ್ಕೆ ಜವೆ, ಸಾಸಿವೆ, ಅಗಸೆ, ಇಂಗು, ಗುಗ್ಗುಳ, ಬಜೆ ಮೊದಲಾದುವುಗಳ ಹೆಸರನ್ನೂ ಕೊಡುತ್ತಾನೆ. ಪಾಠಶಾಲೆಯಲ್ಲಿ ಇದನ್ನು ಓದುವಾಗ ನನಗೆ ನೆನಪಾದುದು ನಮ್ಮ ಮನೆಯ ಬಾಣಂತಿಕೋಣೆ. ಆಟಿಯ ಮಳೆಯಲ್ಲಿ ಬಿಸಿಲನ್ನೇ ಕಾಣದ ನಮ್ಮ ಸೀಮೆಯಲ್ಲಿ, ಕೆಂಡದ ಮೇಲೆ ಬುಟ್ಟಿಯನ್ನು ಕವುಚಿಹಾಕಿ, ಅಂಟುವಾಳದ ನೊರೆಯಲ್ಲಿ ಒಗೆದ ಅರಿವೆಗಳನ್ನು ಅದರ ಮೇಲೆ ಹರಡಿ, ಸಾಂಬ್ರಾಣಿಯ ಹೊಗೆಯೂಡಿ ಒಣಗಿಸುತ್ತಿದ್ದರು. ಅಕ್ಷರವನ್ನೇ ಅರಿಯದ ಹೆಂಗಸರು ಚರಕನ ಮಾತನ್ನು ನಡೆಸುತ್ತಿದ್ದರೋ, ಇಂತಹ ಹೆಂಗಸರಿಂದಲೇ ಚರಕನು ಕಲಿತನೋ, ಹೇಳುವುದು ಕಷ್ಟ. ನನ್ನ ಒಲವು ಎರಡನೆಯ ಪಕ್ಷಕ್ಕೆ.

ಹುಟ್ಟಿದ ಮಗುವಿಗೆ ಹೊಸ ಬಟ್ಟೆಯನ್ನು ಹಾಕಕೂಡದೆಂಬ ಪದ್ಧತಿಯು ನಮ್ಮಲ್ಲಿ ಅನೇಕ ಮನೆತನಗಳಲ್ಲಿ ಉಂಟು. ಅಜ್ಜಿಯ ಸೀರೆಯು ತೊಟ್ಟಿಲಿನ ಹಾಸಾಗುವುದು. ಅಜ್ಜನ ಸವೆದ ಬೈರಾಸು ಕೌಪೀನವಾಗುವುದು. ಅಣ್ಣನ ಕುಲಾವಿ ತಮ್ಮನ ತಲೆಗೇರುವುದು. ಇದನ್ನು ಬರಿಯ ಬಡತನವೆಂದು ನಗುವವರು ಹೊಸ ನೂಲಿಗೆ ಹಾಕಿದ ಗಂಜಿಯ ಒರಟುತನವನ್ನು ಅರಿಯರು. ನೂರು ಸಲ ಒಗೆಸಿಕೊಂಡ ಹತ್ತಿಯಷ್ಟು ಮೃದುವಾದುದು ಅಂಗಡಿಯಲ್ಲಿ ದೊರೆಯದು. ಆದರೂ ಹಿಂದಿನದನ್ನೆಲ್ಲ ಹೊಗಳುವುದು ನನ್ನ ಉದ್ದೇಶವಲ್ಲ. ಉಡಿದಾರವೊಂದನ್ನೇ ಧರಿಸಿ ಚಳಿಯಲ್ಲಿ ನಡುಗಿದ ಮಕ್ಕಳು ಹಿಂದೆ ಎಷ್ಟೋ ಗುಡಿಸಲುಗಳಲ್ಲಿದ್ದರು. ಅವರ ಪಾಲಿಗೆ ಅದು ಸರಳಜೀವನವಾಗಿರಲಿಲ್ಲ, ಇಲ್ಲದಿಕೆಯಾಗಿತ್ತು.

ಆಪಸ್ತಂಬ ಗೃಹ್ಯಸೂತ್ರವು ಉಪನಯನದ ವಟುವಿಗೆ ಅದೇ ದಿನ ನೂತು ಅದೇ ದಿನ ನೆಯ್ದ ವಸ್ತ್ರವನ್ನು ಉಡಿಸಬೇಕೆಂದು ಹೇಳುವುದು. ಆಗ ಹೇಳುವ ಮಂತ್ರದಲ್ಲಿ ನೂತ ದೇವಿಯರನ್ನೂ ನೆಯ್ದ ದೇವಿಯರನ್ನೂ ಅಂಚುಗಳನ್ನು ಸರಿಪಡಿಸಿದ ದೇವಿಯರನ್ನೂ ಬೇರೆಬೇರೆಯಾಗಿ ಸ್ಮರಿಸಲಾಗುತ್ತದೆ. ಮಗುವಿಗೆ ಬಟ್ಟೆಯುಡಿಸುವಾಗ ಅದನ್ನು ಮಾಡಿದ ಕೈಗಳನ್ನು ನೆನೆಯಬೇಕೆಂಬ ಈ ವಿಧಿಯನ್ನು ನಾನು ನಲುವತ್ತು ವರ್ಷ ಕೇಳಿದ್ದೇನೆ. ಅದರ ಅರ್ಥವನ್ನು ಯೋಚಿಸಿರಲಿಲ್ಲ. ದೇವಿಯರ ಹೆಸರನ್ನು ಸ್ವರಸಹಿತವಾಗಿ ಹೇಳಿದ ನಾವೇ, ನೂಲಿನ ಸೀರೆಯ ಗಂಟನ್ನು ಹೊತ್ತು ಬರುತ್ತಿದ್ದ ಶೆಟ್ಟಿಗಾರನನ್ನು ಅಂಗಳದಲ್ಲಿ ನಿಲ್ಲಿಸಿ ಬೆಲೆಗಾಗಿ ಹಗ್ಗಜಗ್ಗಾಡಿದೆವು. ನಮ್ಮ ಮನೆಯಲ್ಲಿ ಹೀಗೆ ನಡೆದುದನ್ನು ದೊಡ್ಡಮ್ಮನೇ ಹೇಳಿದ್ದಾರೆ.

ನಮ್ಮ ಜಿಲ್ಲೆಯು ಬಟ್ಟೆಯ ವಿಷಯದಲ್ಲಿ ಎಂದೂ ಸ್ವಯಂಪೂರ್ಣವಾಗಿರಲಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ನೆಲದಲ್ಲಿ ಹತ್ತಿಯು ಬೆಳೆಯದು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳನ್ನು ಹಾದು ಸಂಚರಿಸಿದ ಕಾಲದಲ್ಲಿಯೂ ಸ್ಥಿತಿಯು ಇದೇ. ನೇತ್ರಾವತಿಯಲ್ಲಿ ಮಂಗಳೂರಿನಿಂದ ದೋಣಿಗಳು ಬಂಟ್ವಾಳದವರೆಗೆ ಬರುತ್ತಿದ್ದುವು. ಘಟ್ಟದ ಮೇಲಿನ ಎತ್ತುಗಳು ಇಲ್ಲಿಗೆ ಇಳಿಯುತ್ತಿದ್ದುವು. ಬಂಟ್ವಾಳದ ಪೇಟೆಯು ಬೆಳೆದುದೇ ಈ ಕೂಡುವಿಕೆಯಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಗಿರಣಿಯ ನೂಲೂ ಬಟ್ಟೆಯೂ ಹೇರಳವಾಗಿ ಬಂದಾಗ ದೇಶದಾದ್ಯಂತ ನೂಲುವವರು ಮೊದಲು ಕೆಲಸ ಕಳೆದುಕೊಂಡರು. ಅನಂತರ ನೇಕಾರರು ಕ್ಷೀಣಿಸಿದರು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು 1851ರ ಸುಮಾರಿಗೆ ಅಲ್ಲಿ ನೆಯ್ಗೆಯ ಕಾರ್ಖಾನೆಯನ್ನು ತೆರೆದರು. ಅದರ ಮುಖ್ಯಸ್ಥನಾದ ಹಾಲರನು ಕಾಕಿ ಬಣ್ಣವನ್ನು ಇಲ್ಲಿಯೇ ಕಂಡುಹಿಡಿದನೆಂಬುದು ನಮ್ಮ ಜಿಲ್ಲೆಯವರ ಅಭಿಮಾನದ ಮಾತು. ಆದರೆ ವಾಯವ್ಯ ಗಡಿಯ ಸೈನಿಕರು ಕಾಕಿಯನ್ನು ಅದಕ್ಕೂ ಮೊದಲೇ ತೊಟ್ಟಿದ್ದರು. ಹಾಲರನ ಬಣ್ಣಕ್ಕೆ ಭಲ್ಲಾತಕವು, ಎಂದರೆ ಮಡಿವಾಳರು ಅರಿವೆಗೆ ಗುರುತುಹಾಕುವ ಕೇರುಬೀಜವು, ಮೂಲವೆಂದು ಪ್ರಸಿದ್ಧಿ. ಈ ಬೀಜದ ರಸವು ಚರ್ಮದ ಮೇಲೆ ಬೊಬ್ಬೆಯೆಬ್ಬಿಸುವುದನ್ನು ವೈದ್ಯಶಾಸ್ತ್ರವು ಹಿಂದೆಯೇ ಅರಿತಿತ್ತು. ಗಿಡದಿಂದ ಬಂದುದೆಲ್ಲ ಮಗುವಿಗೆ ಹಿತವೆಂದು ಇಂದು ಕಣ್ಮುಚ್ಚಿ ನಂಬುವವರು ಈ ಬೀಜವನ್ನು ನೆನೆಯುವುದು ಒಳ್ಳೆಯದು.

ಖಾದಿಯ ಕಾಲವು ಬಂದಾಗ ಬಟ್ಟೆಯ ಮೂಲವನ್ನು ಕೇಳುವ ಅಭ್ಯಾಸವು ಮತ್ತೊಮ್ಮೆ ತಲೆಯೆತ್ತಿತು. ಕಾರ್ನಾಡು ಸದಾಶಿವರಾಯರು ತಮ್ಮ ಐಶ್ವರ್ಯವನ್ನು ದೇಶಸೇವೆಯಲ್ಲಿ ಕರಗಿಸಿದರು. 1934ರ ಫೆಬ್ರವರಿಯಲ್ಲಿ ಗಾಂಧೀಜಿಯವರು ಕೊಡಗಿನಿಂದ ಇಳಿದು ಪುತ್ತೂರಿನ ಮಾರ್ಗವಾಗಿ ಮಂಗಳೂರಿಗೆ ಬಂದರು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಳಿಯ ಮೂಲಕ ಕೈಕಸಬುಗಳಿಗೆ ಆಶ್ರಯವನ್ನಿತ್ತರು. ಕೈಮಗ್ಗಕ್ಕೆ ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಡುವ ಕಾನೂನು 1985ರಲ್ಲಿ ಬಂದಿತು. ಆದರೆ ಮಕ್ಕಳ ಮೈಮೇಲೆ ಆ ವೇಳೆಗೆ ಪಾಲಿಯೆಸ್ಟರ್ ಏರಿಯಾಗಿತ್ತು. ಬೆಳ್ತಂಗಡಿ ತಾಲೂಕಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ, ಮಳೆಯಲ್ಲಿ ನೆನೆದ ಸಮವಸ್ತ್ರವು ಬೇಗನೆ ಆರುವುದೆಂದು ತಾಯಂದಿರು ಮೆಚ್ಚುತ್ತಿದ್ದರು. ಅದು ಸುಳ್ಳಲ್ಲ. ಮಾರ್ಚಿಯ ಸೆಕೆಯಲ್ಲಿ ಅದೇ ಮಕ್ಕಳು ಬೆನ್ನು ಕೆರೆಯುತ್ತ ಕುಳಿತಿರುತ್ತಿದ್ದುದೂ ಸುಳ್ಳಲ್ಲ.

ಇನ್ನು ಬಣ್ಣದ ಮಾತು. ಅಜೋ ಎಂಬ ಜಾತಿಯ ಕೃತಕ ಬಣ್ಣಗಳಲ್ಲಿ ಕೆಲವು ಒಡೆದು ಅರ್ಬುದರೋಗಕ್ಕೆ ಕಾರಣವಾಗುವ ಪದಾರ್ಥಗಳಾಗುತ್ತವೆ. ಅವುಗಳನ್ನು ಜರ್ಮನಿಯು 1994ರಲ್ಲಿಯೂ ನಮ್ಮ ಸರಕಾರವು 1997ರಲ್ಲಿಯೂ ನಿಷೇಧಿಸಿದುವು. ನಿಷೇಧವು ಕಾಗದದ ಮೇಲಿರುವುದು ಬೇರೆ, ಚೀಟಿಯಿಲ್ಲದ ಅಂಗಿಯಲ್ಲಿ ಏನಿದೆಯೆಂದು ತಿಳಿಯುವುದು ಬೇರೆ. ಕೂಸು ಬಟ್ಟೆಯನ್ನು ಉಡುವುದು ಮಾತ್ರವಲ್ಲ, ಚೀಪುತ್ತದೆ ಕೂಡ.

ಮಾಡಿದ ಕೈಗಳ ಕಥೆಯು ಇದಕ್ಕಿಂತ ಕಠೋರವಾದುದು. 2013ರ ಏಪ್ರಿಲ್ 24ರಂದು ಬಂಗ್ಲಾದೇಶದ ಢಾಕಾದ ಹತ್ತಿರ ರಾಣಾ ಪ್ಲಾಜಾ ಎಂಬ ಕಟ್ಟಡವು ಕುಸಿದು, ಸಿದ್ಧ ಉಡುಪುಗಳನ್ನು ಹೊಲಿಯುತ್ತಿದ್ದವರೇ ಮೊದಲಾಗಿ 1134 ಜನರು ಸತ್ತರು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕುಗಳು ಕಾಣಿಸಿದ್ದುವು. ಆದರೂ ಅವರನ್ನು ಕೆಲಸಕ್ಕೆ ಕರೆಸಲಾಯಿತು. ದೂರದ ದೇಶವೆಂದು ಸಮಾಧಾನಪಡುವಂತಿಲ್ಲ. ಆಂಧ್ರದಲ್ಲಿಯೂ ನಮ್ಮದೇ ರಾಜ್ಯದ ಉತ್ತರಭಾಗದಲ್ಲಿಯೂ ಹೈಬ್ರಿಡ್ ಹತ್ತಿಯ ಬೀಜೋತ್ಪಾದನೆಗಾಗಿ ಹೂವಿನಿಂದ ಹೂವಿಗೆ ಪರಾಗವನ್ನು ಕೈಯಿಂದಲೇ ಮುಟ್ಟಿಸುವ ಕೆಲಸಕ್ಕೆ ಶಾಲೆ ಬಿಡಿಸಿದ ಹುಡುಗಿಯರನ್ನು ಹಚ್ಚಿದ ವೃತ್ತಾಂತಗಳು ಪ್ರಕಟವಾಗಿವೆ. ನನ್ನ ಮೊಮ್ಮಗುವಿನ ಅಂಗಿಯ ಎಳೆಗಳ ಮೂಲದಲ್ಲಿ ಇನ್ನೊಂದು ಮಗುವಿನ ಬೆರಳುಗಳು ಇದ್ದಿರಬಹುದು. ಮೇಷ್ಟರಾಗಿ ಹಾಜರಿ ಕರೆದವನಿಗೆ ಈ ಯೋಚನೆಯು ನಿದ್ದೆಗೆಡಿಸುವಂತಹುದು.

ಮೂಡುಬಿದಿರೆಯ ಜೈನ ಸ್ನೇಹಿತರೊಬ್ಬರು ತಮ್ಮ ಮನೆಯ ಮಕ್ಕಳಿಗೆ ರೇಷ್ಮೆಯನ್ನು ಉಡಿಸುವುದಿಲ್ಲ; ಗೂಡಿನೊಳಗಿನ ಹುಳುವನ್ನು ಬಿಸಿಯಲ್ಲಿ ಕೊಂದು ಎಳೆ ತೆಗೆಯುತ್ತಾರಲ್ಲವೆ, ಎನ್ನುತ್ತಾರೆ. 1430ರ ಸಾವಿರ ಕಂಬದ ಬಸದಿಯ ನೆರಳಿನಲ್ಲಿ ಬೆಳೆದವರಿಗೆ ಈ ಪ್ರಶ್ನೆಯು ಸಹಜವಾಗಿಯೇ ಬರುತ್ತದೆ. “ಹುಳುವಿಗೆ ಮರುಗುವ ನಾವು ಹೊಲಿಯುವವರಿಗೆ ಮರುಗಿದ್ದೇವೆಯೆ?” ಎಂದು ಕೇಳಿದೆ. “ಅದನ್ನು ನಮ್ಮ ಹಿರಿಯರು ಹೇಳಿಕೊಡಲಿಲ್ಲ ಮಾಸ್ಟ್ರೇ” ಎಂದರು.

ದಾರಿಗಳೇ ಇಲ್ಲವೆಂದಲ್ಲ. ಸಾಗರದ ಹತ್ತಿರ ಹೆಗ್ಗೋಡಿನಲ್ಲಿ ಚರಕ ಎಂಬ ಮಹಿಳಾ ಸಹಕಾರ ಸಂಘವು ಕೈಮಗ್ಗದ ಬಟ್ಟೆಗೆ ಅಡಿಕೆಯ ಚೊಗರಿನಿಂದ ಬಣ್ಣ ಕಟ್ಟುತ್ತದೆ. ಅಡಿಕೆ ಬೆಳೆಯುವ ನಮ್ಮ ಮೂರು ಊರಿನವರಿಗೆ ಇದು ಹೊಳೆಯದೆಹೋದುದು ಸೋಜಿಗವೇ. ಬೆಳ್ತಂಗಡಿಯಲ್ಲಿ ಸಿರಿ ಗ್ರಾಮೋದ್ಯೋಗ ಸಂಸ್ಥೆಯ ಹೆಂಗಸರು ಉಡುಪು ಹೊಲಿಯುತ್ತಾರೆ. ಹೊಲಿದವರ ಮುಖವನ್ನು ಬೇಕಾದರೆ ಹೋಗಿ ನೋಡಬಹುದು. ಮೂಡುಬಿದಿರೆಯಿಂದ ಅನತಿದೂರದ ಕಿನ್ನಿಗೋಳಿಯಲ್ಲಿ ತಾಳಿಪಾಡಿ ನೇಕಾರರ ಸಹಕಾರಿ ಸಂಘವಿದೆ. ನಿಂತೇಹೋಗಲಿದ್ದ ಉಡುಪಿ ಸೀರೆಯ ನೆಯ್ಗೆಗೆ ಅಲ್ಲಿ ಕದಿಕೆ ಟ್ರಸ್ಟಿನವರ ಪ್ರಯತ್ನದಿಂದ ಮತ್ತೆ ಉಸಿರು ಬಂದಿದೆ.

ಮಳೆ ಬಿಟ್ಟ ಮೇಲೆ ಒಂದು ದಿನ ಕಿನ್ನಿಗೋಳಿಗೆ ಹೋದೆನು. ವೃದ್ಧ ನೇಕಾರರೊಬ್ಬರು ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕುಳಿತಿದ್ದರು. ಒಂದು ಸೀರೆಗೆ ಎರಡು ಮೂರು ದಿನ ಹಿಡಿಯುತ್ತದೆಂದರು. ಬೆಲೆಯು ನಾನು ತಂದಿದ್ದ ಕೆಂಪಂಗಿಯಂತಹ ನಾಲ್ಕಾರು ಅಂಗಿಗಳಷ್ಟಾಯಿತು. ನಮ್ಮ ಮನೆತನದ ಅಭ್ಯಾಸದಂತೆ ಚೌಕಾಶಿಯ ಮಾತು ನಾಲಗೆಯ ತುದಿಗೆ ಬಂದಿತು, ನುಂಗಿಕೊಂಡೆನು. ಅವರ ಹೆಸರನ್ನು ಕೇಳಿ ಬರೆದುಕೊಂಡೆನು.

ಮನೆಗೆ ಬಂದು ಮಗಳ ಕೈಗೆ ಸೀರೆಯನ್ನಿತ್ತು, ನೆಯ್ದವರ ಹೆಸರನ್ನು ದೊಡ್ಡಮ್ಮನಿಗೆ ತಿಳಿಸಿದೆನು. ಅವರು ಸೆರಗನ್ನು ಕೆನ್ನೆಗೊತ್ತಿ ನೋಡಿ, “ಒಳ್ಳೆಯ ಅರಿವೆ. ಮಗುವಿಗಾಗಬೇಕಾದರೆ ಇನ್ನೂ ಹತ್ತು ವರ್ಷ ಬೇಕು. ಮೊದಲು ಇವಳು ಉಡಲಿ” ಎಂದರು.