ವಿಕಿರಣವೆಂಬ ಪದವೂ ಅಡುಗೆಮನೆಯ ಪೆಟ್ಟಿಗೆಯೂ

ಉಷ್ಣದ ಪಾಠಕ್ಕೆ ಬಂದಾಗಲೆಲ್ಲ ನಾನು ಕರಿಹಲಗೆಯ ಮೇಲೆ ಮೂರು ಪದಗಳನ್ನು ಬರೆಯುತ್ತಿದ್ದುದು ನನ್ನ ಕೈಯಲ್ಲಿ ಕಲಿತವರಿಗೆ ನೆನಪಿರಬಹುದು: ವಹನ, ಸಂವಹನ, ವಿಕಿರಣ. ಮೊದಲನೆಯದಕ್ಕೆ ಕಾದ ಸೌಟಿನ ಹಿಡಿ ಉದಾಹರಣೆ, ಎರಡನೆಯದಕ್ಕೆ ಬಚ್ಚಲ ಹಂಡೆಯ ನೀರು, ಮೂರನೆಯದಕ್ಕೆ ಒಲೆಯ ಮುಂದೆ ಕುಳಿತವರ ಮುಖಕ್ಕೆ ತಾಗುವ ಬಿಸಿ. ಆಷಾಢದ ಮಳೆಯಲ್ಲಿ ನೆನೆದು ಬಂದ ಮಕ್ಕಳಿಗೆ ಈ ಮೂರನೆಯದು ಬಹಳ ಬೇಗ ಅರ್ಥವಾಗುತ್ತಿತ್ತು. ವಿಕಿರಣ ಎಂದರೆ ಒಲೆಯ ಸುಖ. ಅದಕ್ಕಿಂತ ಹೆಚ್ಚಿನ ಅರ್ಥವಾಗಲಿ, ಭಯವಾಗಲಿ ಆ ಪದಕ್ಕೆ ಅಂಟಿಕೊಂಡಿರಲಿಲ್ಲ.

ಈಚೆಗೆ ಹೊನ್ನಾವರದ ಕಡೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನು ಮಾಡಿ, "ಅಕ್ಕೋರೇ, ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದ್ದನ್ನು ಮಗುವಿಗೆ ಕೊಟ್ಟರೆ ವಿಕಿರಣ ಹೊಟ್ಟೆಗೆ ಹೋಗುತ್ತದಂತೆ, ಹೌದೇ?" ಎಂದು ಕೇಳಿದಳು. ಅವಳ ಅತ್ತೆಯವರ ಆತಂಕವಂತೆ. ಇದೇ ಪ್ರಶ್ನೆಯನ್ನು ಕುಮಟೆಯ ಬಂಧುಗಳಿಂದಲೂ ಭಟ್ಕಳದ ಪರಿಚಿತರಿಂದಲೂ ನಾನು ಕೇಳಿದ್ದೇನೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರಿಸುವ ಬದಲು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಏಕೆಂದರೆ ಈ ಭಯಕ್ಕೆ ಒಂದು ಇತಿಹಾಸವಿದೆ, ಮತ್ತು ಆ ಇತಿಹಾಸ ನಮ್ಮ ಜಿಲ್ಲೆಯದೇ.

1986ರ ಏಪ್ರಿಲ್ 26ರಂದು ಸೋವಿಯತ್ ಒಕ್ಕೂಟದ ಚೆರ್ನೋಬಿಲ್‌ನಲ್ಲಿ ಅಣುಸ್ಥಾವರ ಸಿಡಿಯಿತು. ನಮ್ಮ ಕಾರವಾರ ತಾಲೂಕಿನ ಕೈಗಾದಲ್ಲಿ, ಕಾಳಿ ನದಿಯ ದಂಡೆಯ ಕಾಡಿನೊಳಗೆ, ಅಣು ವಿದ್ಯುತ್ ಸ್ಥಾವರ ಕಟ್ಟುವ ಯೋಜನೆ ರೂಪುಗೊಂಡಿದ್ದುದೂ ಅದೇ ದಶಕದಲ್ಲಿ. ವಿಕಿರಣ ಎಂಬ ಪದ ಅಲ್ಲಿಯವರೆಗೆ ಶಾಲೆಯ ಪಠ್ಯಪುಸ್ತಕದಲ್ಲಿತ್ತು. ಅಲ್ಲಿಂದ ಮುಂದೆ ಭಿತ್ತಿಪತ್ರಗಳಿಗೆ, ಸಭೆಗಳಿಗೆ, ಬಸ್ಸಿನಲ್ಲಿ ಕುಳಿತವರ ಮಾತಿಗೆ ಇಳಿಯಿತು. ಡಾ. ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಯಲ್ಲಿ ಕೈಗಾ ವಿರೋಧವನ್ನೇ ಮುಂದಿಟ್ಟುಕೊಂಡು ನಮ್ಮ ಕ್ಷೇತ್ರದಿಂದ ಸ್ಪರ್ಧಿಸಿದರು. ಆಗ ಅವರಿಗೆ ಎಂಬತ್ತೇಳು ವರ್ಷ. ಸೋತರು, ಆದರೆ ಅವರ ಮಾತು ಮನೆಮನೆಗೆ ತಲುಪಿತು. ಅವರನ್ನು ವಿಜ್ಞಾನ ತಿಳಿಯದವರೆಂದು ಯಾರೂ ಹೇಳುವಂತಿರಲಿಲ್ಲ. ಮಕ್ಕಳಿಗಾಗಿ 'ಬಾಲ ಪ್ರಪಂಚ'ವನ್ನೂ ಹಿರಿಯರಿಗಾಗಿ 'ವಿಜ್ಞಾನ ಪ್ರಪಂಚ'ವನ್ನೂ ಕನ್ನಡಕ್ಕೆ ಕೊಟ್ಟವರು ಅವರು. ನಮ್ಮ ಹೊನ್ನಾವರ ತಾಲೂಕಿನ ಕಾಸರಕೋಡಿನ ಸ್ನೇಹಕುಂಜದ ಡಾ. ಕುಸುಮಾ ಸೊರಬ ಅವರೂ ಈ ಚಳವಳಿಯಲ್ಲಿದ್ದರು. 1994ರ ಮೇ 13ರಂದು, ಇನ್ನೂ ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಒಳಪದರದ ಕಾಂಕ್ರೀಟು ಕುಸಿದು ಬಿದ್ದಾಗ ಜನರ ಶಂಕೆಗೆ ಕಣ್ಣೆದುರಿನ ಆಧಾರವೇ ದೊರೆಯಿತು. ಮುಂದೆ ವಿನ್ಯಾಸವನ್ನು ತಿದ್ದಿ ಗುಮ್ಮಟವನ್ನು ಮತ್ತೆ ಕಟ್ಟಲಾಯಿತು. ಮೊದಲ ಎರಡು ಘಟಕಗಳು 2000ದಲ್ಲಿ ವಾಣಿಜ್ಯ ಉತ್ಪಾದನೆಗೆ ತೊಡಗಿದವು, ನಾಲ್ಕನೆಯದು 2011ರಲ್ಲಿ. ಒಂದನೆಯ ಘಟಕ 2018ರ ಡಿಸೆಂಬರ್ ಕೊನೆಯವರೆಗೆ 962 ದಿನ ಎಡೆಬಿಡದೆ ಓಡಿ ಆ ಕಾಲಕ್ಕೆ ವಿಶ್ವದಾಖಲೆಯನ್ನು ಮಾಡಿತೆಂಬುದನ್ನೂ ಹೇಳದಿದ್ದರೆ ಇತಿಹಾಸಕ್ಕೆ ಅನ್ಯಾಯವಾದೀತು.

ಆ ಚಳವಳಿ ಸರಿಯೋ ತಪ್ಪೋ ಎಂಬ ಚರ್ಚೆ ಈ ಬರಹದ ಉದ್ದೇಶವಲ್ಲ. ಕಾಡು ಕಳೆದುಕೊಂಡ, ಊರು ಬಿಟ್ಟ ಜನರ ಪ್ರಶ್ನೆಗಳು ನ್ಯಾಯವಾದವೇ ಆಗಿದ್ದವೆಂದು ನನ್ನ ಭಾವನೆ. ನಾನು ಹೇಳಬಯಸುವುದು ಇಷ್ಟೇ: ನಮ್ಮ ಜಿಲ್ಲೆಯಲ್ಲಿ ವಿಕಿರಣ ಎಂಬ ಪದ ಕೈಗಾದ ಮೂಲಕ ಮನೆಗೆ ಬಂದಿತು, ಭಯವನ್ನು ಹೊತ್ತುಕೊಂಡೇ ಬಂದಿತು. ಕೆಲವು ವರ್ಷಗಳ ತರುವಾಯ ಅದೇ ಪದವನ್ನು ಕೈಪಿಡಿಯಲ್ಲಿ ಅಚ್ಚುಹಾಕಿಸಿಕೊಂಡು ಇನ್ನೊಂದು ವಸ್ತು ಅಡುಗೆಮನೆಗೆ ಬಂದಾಗ ಹಳೆಯ ಭಯ ಹೊಸ ಪೆಟ್ಟಿಗೆಯ ಮೇಲೆ ಕುಳಿತುಕೊಂಡಿತು.

ಈ ಪೆಟ್ಟಿಗೆಯ ಹುಟ್ಟು ಯುದ್ಧದಲ್ಲಿ. 1940ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ರ‍್ಯಾಂಡಲ್ ಮತ್ತು ಹ್ಯಾರಿ ಬೂಟ್ ಎಂಬಿಬ್ಬರು ಮ್ಯಾಗ್ನೆಟ್ರಾನ್ ಎಂಬ ನಳಿಗೆಯ ಹೊಸ ರೂಪವೊಂದನ್ನು ಸಿದ್ಧಪಡಿಸಿದರು. ಶತ್ರುವಿಮಾನಗಳನ್ನು ಪತ್ತೆಹಚ್ಚುವ ರೇಡಾರಿಗೆ ಅಗತ್ಯವಾದ ಪ್ರಬಲ ಸೂಕ್ಷ್ಮತರಂಗಗಳನ್ನು ಅದು ಹೊಮ್ಮಿಸುತ್ತಿತ್ತು. ಅದೇ ವರ್ಷ ಅದನ್ನು ಅಮೆರಿಕಕ್ಕೆ ಒಯ್ಯಲಾಯಿತು. ಅಲ್ಲಿ ರೇಥಿಯಾನ್ ಕಂಪನಿಯಲ್ಲಿ ಈ ನಳಿಗೆಗಳ ಕೆಲಸ ನೋಡುತ್ತಿದ್ದ ಪರ್ಸಿ ಸ್ಪೆನ್ಸರ್ ಎಂಬಾತ, ಜೇಬಿನಲ್ಲಿದ್ದ ಮಿಠಾಯಿ ಕರಗಿದ್ದನ್ನು ಗಮನಿಸಿ, ಇದರಿಂದ ಅಡುಗೆಯನ್ನೂ ಮಾಡಬಹುದೆಂದು ಯೋಚಿಸಿದ. 1945ರ ಅಕ್ಟೋಬರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. 1947ರಲ್ಲಿ ಮಾರಾಟಕ್ಕೆ ಬಂದ 'ರೇಡಾರೇಂಜ್' ಆಳೆತ್ತರವಿತ್ತು, ಸುಮಾರು 340 ಕಿಲೋ ತೂಗುತ್ತಿತ್ತು, ತಂಪಾಗಿಸಲು ನಲ್ಲಿಯ ನೀರು ಬೇಕಾಗುತ್ತಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಇಡಬಹುದಾದ, ಸಾಮಾನ್ಯ ಸಂಸಾರ ಕೊಳ್ಳಬಹುದಾದ ಒಲೆ ಅಮಾನಾ ಕಂಪನಿಯಿಂದ ಬಂದದ್ದು 1967ರಲ್ಲಿ.

ಇಲ್ಲಿ ನಮ್ಮವರಿಬ್ಬರನ್ನು ನೆನೆಯದೆ ಮುಂದೆ ಹೋಗಲು ಮನಸ್ಸಿಲ್ಲ. ಕಲ್ಕತ್ತೆಯಲ್ಲಿ 1895ರಲ್ಲಿಯೇ ಜಗದೀಶಚಂದ್ರ ಬೋಸರು ಇಂಥ ಕಿರುತರಂಗಗಳನ್ನು ಗೋಡೆಯಾಚೆಗೆ ಕಳುಹಿಸಿ ಗಂಟೆ ಬಾರಿಸಿ ತೋರಿಸಿದ್ದರು. ಇನ್ನೊಬ್ಬರು ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ರಾಜೇಶ್ವರಿ ಚಟರ್ಜಿ. 1922ರಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಮೊದಲ ರೇಡಾರೇಂಜ್ ಮಾರುಕಟ್ಟೆಗೆ ಬಂದ 1947ರಲ್ಲಿಯೇ ಹಡಗು ಹತ್ತಿ ಅಮೆರಿಕದ ಮಿಶಿಗನ್ನಿಗೆ ಹೋದವರು. 1953ರಲ್ಲಿ ಮರಳಿ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾಗಿ, ಪತಿ ಶಿಶಿರ್ ಕುಮಾರ್ ಚಟರ್ಜಿಯವರ ಜೊತೆಗೆ ಸೂಕ್ಷ್ಮತರಂಗಗಳ ಸಂಶೋಧನೆಯನ್ನು ಬೆಳೆಸಿದರು. 1982ರಲ್ಲಿ ನಿವೃತ್ತರಾಗಿ 2010ರಲ್ಲಿ ತೀರಿಕೊಂಡರು. ನಮ್ಮ ಹೆಣ್ಣುಮಕ್ಕಳಿಗೆ ಈ ಹೆಸರು ಪಾಠದಲ್ಲಿ ಸಿಗುವುದಿಲ್ಲವೆಂಬುದು ನನಗೆ ಬೇಸರದ ವಿಷಯ.

ನಮ್ಮ ಕಡೆ ನಾನು ಈ ಒಲೆಯನ್ನು ಮೊದಲು ಕಂಡದ್ದು ಭಟ್ಕಳದಲ್ಲಿ, ಕೊಲ್ಲಿ ದೇಶದಿಂದ ರಜೆಗೆ ಬಂದವರೊಬ್ಬರ ಮನೆಯಲ್ಲಿ. ಕುಮಟೆ, ಹೊನ್ನಾವರದ ಅಂಗಡಿಗಳಿಗೆ ಅದು ಬಂದದ್ದು ಬಹಳ ತಡವಾಗಿ. ಕೊಲ್ಲಿಯಿಂದ ಸಾಮಾನು ತರುವವರಿಗೆ ಇಂದಿಗೂ ಒಂದು ಮಾತು: ಸೌದಿ ಅರೇಬಿಯಾದ ವಿದ್ಯುತ್ತಿನ ಆವರ್ತನ 60 ಹರ್ಟ್ಸ್, ನಮ್ಮದು 50. ಅಲ್ಲಿನ ಹಲವು ಮನೆಗಳಲ್ಲಿ 127 ವೋಲ್ಟ್ ಇದ್ದ ಕಾಲವೂ ಇತ್ತು. ಅಲ್ಲಿಗೆಂದೇ ತಯಾರಾದ ಹಳೆಯ ಮಾದರಿಯ ಒಲೆಯನ್ನು ಇಲ್ಲಿ ಹಚ್ಚಿದರೆ ಅದರ ಟ್ರಾನ್ಸ್‌ಫಾರ್ಮರ್ ಅತಿಯಾಗಿ ಕಾಯುತ್ತದೆ. ಹಿಂಬದಿಯ ತಗಡಿನ ಚೀಟಿಯನ್ನು ಓದಿ ನೋಡಿ.

ಇನ್ನು ಮೂಲಪ್ರಶ್ನೆಗೆ ಬರೋಣ. ಕೈಗಾದ ಯುರೇನಿಯಮ್ಮಿನಿಂದ ಹೊರಡುವ ವಿಕಿರಣಕ್ಕೆ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತೆಸೆಯುವ ಶಕ್ತಿಯಿದೆ. ಜೀವಕೋಶಕ್ಕೆ ಕೇಡು ಆಗುವುದು ಅದರಿಂದ. ಮೈಕ್ರೋವೇವ್ ಒಲೆಯ ತರಂಗದ ಆವರ್ತನ 2450 ಮೆಗಾಹರ್ಟ್ಸ್. ಅದರ ಒಂದು ಕಣದ ಶಕ್ತಿ, ಎಲೆಕ್ಟ್ರಾನನ್ನು ಕೀಳಲು ಬೇಕಾದುದರ ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲು ಮಾತ್ರ. ಅದು ಆಹಾರದೊಳಗಿನ ನೀರಿನ ಅಣುಗಳನ್ನು ಅತ್ತಿಂದಿತ್ತ ತಿರುಗಿಸಿ ಬಿಸಿಯೇರಿಸುತ್ತದೆ, ಅಷ್ಟೆ. ಗುಂಡಿ ಒತ್ತಿ ನಿಲ್ಲಿಸಿದೊಡನೆ, ದೀಪ ಆರಿಸಿದಾಗ ಬೆಳಕು ಹೋಗುವಂತೆ, ತರಂಗವೂ ಹೋಯಿತು. ಅನ್ನದಲ್ಲಿ ಏನೂ ಉಳಿದಿರುವುದಿಲ್ಲ. ಹೀಗಾಗಿ ಇದು ನಾನು ಕರಿಹಲಗೆಯ ಮೇಲೆ ಬರೆಯುತ್ತಿದ್ದ ಮೂರನೆಯ ಪದದ ಸಂಬಂಧಿ, ಕೈಗಾದ ಭಯದ ಸಂಬಂಧಿಯಲ್ಲ.

ಬಾಗಿಲಿನ ಗಾಜಿನಿಂದ ಒಳಗಿನ ಬೆಳಕು ಕಾಣುವಾಗ ತರಂಗ ಹೊರಬರುವುದಿಲ್ಲವೇ ಎಂದು ಕೇಳುತ್ತಾರೆ. ಇದಕ್ಕೆ ಉತ್ತರ ನಮ್ಮ ಮೀನುಗಾರರಿಗೆ ಗೊತ್ತು. ಬಲೆಯ ಕಣ್ಣು ದೊಡ್ಡದಿದ್ದರೆ ಸಣ್ಣ ಮೀನು ಜಾರುತ್ತದೆ, ದೊಡ್ಡದು ಸಿಕ್ಕಿಬೀಳುತ್ತದೆ. ಗಾಜಿನ ಹಿಂದಿರುವ ಲೋಹದ ಜಾಳಿಗೆಯ ತೂತು ಒಂದೆರಡು ಮಿಲಿಮೀಟರಿನದು. ಈ ತರಂಗದ ಉದ್ದ ಸುಮಾರು 12 ಸೆಂಟಿಮೀಟರ್. ಬೆಳಕಿನ ತರಂಗವಾದರೋ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಚಿಕ್ಕದು. ಅದು ದಾಟುತ್ತದೆ, ಇದು ದಾಟದು. ಸೋರಿಕೆಯ ಮಿತಿಯನ್ನು ಅಮೆರಿಕ 1971ರಲ್ಲಿಯೇ ಕಾನೂನಿನಿಂದ ನಿಗದಿಪಡಿಸಿತು: ಒಲೆಯಿಂದ 5 ಸೆಂಟಿಮೀಟರ್ ದೂರದಲ್ಲಿ ಚದರ ಸೆಂಟಿಮೀಟರಿಗೆ 5 ಮಿಲಿವಾಟ್. ಆದರೆ ಬಲೆ ಹರಿದಿರಬಾರದು. ನಮ್ಮ ಉಪ್ಪುಗಾಳಿಯಲ್ಲಿ ತಗಡು ಬೇಗ ತುಕ್ಕು ಹಿಡಿಯುತ್ತದೆ. ಬಾಗಿಲು ಸರಿಯಾಗಿ ಕೂರದಿದ್ದರೆ, ತಿರುಗಣೆ ಸಡಿಲವಾಗಿದ್ದರೆ, ಒಳಗೋಡೆಯ ಬಣ್ಣ ಎದ್ದು ತುಕ್ಕು ಕಂಡರೆ ಆ ಒಲೆಯನ್ನು ಬಳಸಬೇಡಿ. ಮಳೆಗಾಲದಲ್ಲಿ ಬಳಸಿದ ಮೇಲೆ ಒಳಗಿನ ಪಸೆಯನ್ನು ಒಣಬಟ್ಟೆಯಿಂದ ಒರೆಸಿಡುವುದು ಒಳ್ಳೆಯ ಅಭ್ಯಾಸ.

ಭಯ ತಪ್ಪು ಜಾಗದಲ್ಲಿ ಕುಳಿತರೆ ಎಚ್ಚರವೂ ತಪ್ಪು ಜಾಗಕ್ಕೇ ಹೋಗುತ್ತದೆ. ಒಲೆ ಓಡುವಾಗ ಮಕ್ಕಳನ್ನು ಹಿತ್ತಲಿಗೆ ಕಳಿಸುವ ಮನೆಯಲ್ಲಿಯೇ ಮುಚ್ಚಳ ಬಿಗಿದ ಡಬ್ಬವನ್ನು ಒಳಗಿಟ್ಟು ಬಿಸಿ ಮಾಡುವುದನ್ನು ನಾನು ಕಂಡಿದ್ದೇನೆ. ನಿಜವಾದ ಅಪಾಯಗಳು ಬಹಳ ಸಾಮಾನ್ಯವಾದವು. ನುಣುಪಾದ ಗಾಜಿನ ಲೋಟದಲ್ಲಿ ಬರಿಯ ನೀರನ್ನು ಹೆಚ್ಚು ಹೊತ್ತು ಕಾಯಿಸಿದರೆ ಅದು ಕುದಿಯುವ ಲಕ್ಷಣವನ್ನೇ ತೋರದೆ ಕುದಿಬಿಂದುವನ್ನು ಮೀರಿ ಕಾದಿರಬಹುದು. ಹೊರತೆಗೆದು ಚಹಾಪುಡಿ ಹಾಕಿದ ಕ್ಷಣ ಉಕ್ಕಿ ಕೈಮೇಲೆ ಎರಚುತ್ತದೆ. ಲೋಟದಲ್ಲಿ ಮರದ ಕಡ್ಡಿಯೊಂದನ್ನು ನಿಲ್ಲಿಸಿ ಕಾಯಿಸಿ, ನಿಂತ ಮೇಲೆ ಒಂದು ನಿಮಿಷ ಬಿಟ್ಟು ತೆಗೆಯಿರಿ. ಮೊಟ್ಟೆಯನ್ನು, ಚಿಪ್ಪು ತೆಗೆದ ಬೆಂದ ಮೊಟ್ಟೆಯನ್ನು ಕೂಡ, ಇಡಲೇಬೇಡಿ, ಸಿಡಿಯುತ್ತದೆ. ಗೆಣಸಿನ ಸಿಪ್ಪೆಗೆ ನಾಲ್ಕಾರು ಕಡೆ ಚುಚ್ಚಿ ಇಡಿ.

ಮಗುವಿನ ಹಾಲಿನ ವಿಷಯ ಬೇರೆಯೇ ಇದೆ. ತರಂಗಗಳು ಪೆಟ್ಟಿಗೆಯೊಳಗೆ ಒಂದರ ಮೇಲೊಂದು ಬಿದ್ದು ಕೆಲವೆಡೆ ಹೆಚ್ಚು, ಕೆಲವೆಡೆ ಕಡಿಮೆ ಕಾಯಿಸುತ್ತವೆ. ತಟ್ಟೆ ತಿರುಗುವುದು ಇದನ್ನು ತಗ್ಗಿಸಲೆಂದೇ, ಆದರೂ ಪೂರ್ತಿ ಹೋಗದು. ಬಾಟಲಿಯ ಹೊರಮೈ ಉಗುರುಬೆಚ್ಚಗಿದ್ದು ನಡುವಿನ ಹಾಲು ನಾಲಗೆ ಸುಡುವಷ್ಟು ಬಿಸಿಯಿರಬಹುದು. ಹಸುಗೂಸಿನ ಹಾಲನ್ನು ಬಿಸಿನೀರಿನ ಬಟ್ಟಲಲ್ಲಿಟ್ಟೇ ಬೆಚ್ಚಗೆ ಮಾಡಿ. ಬೇಡವೆನ್ನುವ ಅತ್ತೆಯವರ ಮಾತು ಸರಿ. ಕಾರಣ ಮಾತ್ರ ವಿಕಿರಣವಲ್ಲ.

'ಒಳಗಿನಿಂದ ಬೇಯುತ್ತದೆ' ಎಂಬ ಮಾತೂ ನಿಜವಲ್ಲ. ತರಂಗ ಒಳಹೋಗುವುದು ಎರಡು ಮೂರು ಸೆಂಟಿಮೀಟರ್ ಮಾತ್ರ. ಅದರಾಚೆಗೆ ಬಿಸಿ ನಿಧಾನವಾಗಿ ವಹನದಿಂದಲೇ ಹೋಗಬೇಕು. ಆದ್ದರಿಂದ ಕುಚ್ಚಲಕ್ಕಿ ಗಂಜಿಯಂಥ ದಪ್ಪ ಪದಾರ್ಥವನ್ನು ಅಗಲ ಬಟ್ಟಲಿನಲ್ಲಿ ಹರಡಿ, ನಡುವೆ ಒಮ್ಮೆ ನಿಲ್ಲಿಸಿ ಕದಡಿ, ಆಮೇಲೆ ಎರಡು ನಿಮಿಷ ಹಾಗೆಯೇ ಬಿಡಬೇಕು. ಎಲ್ಲ ಕಡೆಯೂ ಹಬೆಯಾಡುವಷ್ಟು ಬಿಸಿಯಾಗಬೇಕು. ಬಿಸಿ ಮಾಡಿದರೆ ಎಲ್ಲ ದೋಷವೂ ಕಳೆಯಿತೆಂದು ತಿಳಿಯಬಾರದು. ಮಧ್ಯಾಹ್ನವಿಡೀ ಸೆಕೆಯಲ್ಲಿ ಬಿದ್ದಿದ್ದ ಬಂಗಡೆಯಲ್ಲಿ ಹಿಸ್ಟಮಿನ್ ಎಂಬ ವಸ್ತು ಸೇರಿಕೊಳ್ಳುತ್ತದೆ; ಹೊರಗೇ ಉಳಿದ ಅನ್ನದಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ವಿಷ ಬಿಡುತ್ತದೆ. ಇವೆರಡೂ ಸೌದೆಯೊಲೆಯ ಬೆಂಕಿಗೂ ಜಗ್ಗುವುದಿಲ್ಲ, ಮೈಕ್ರೋವೇವ್‌ಗೂ ಜಗ್ಗುವುದಿಲ್ಲ. ಬೇಗ ತಣಿಸಿ ಫ್ರಿಜ್ಜಿನಲ್ಲಿಡುವುದೊಂದೇ ದಾರಿ.

ಪಾತ್ರೆಗಳು ಗಾಜಿನವೋ ಪಿಂಗಾಣಿಯವೋ ಆಗಿರಲಿ. ಪಿಂಗಾಣಿಗೆ ಚಿನ್ನದ ಗೆರೆ ಇರಬಾರದು. ನಮ್ಮ ಸ್ಟೀಲ್ ಲೋಟ-ತಟ್ಟೆ ಬೇಡ. ಹೋಟೆಲಿನ ಪಾರ್ಸೆಲ್ಲಿನ ಅಲ್ಯುಮಿನಿಯಂ ಹಾಳೆಯೂ ಬೇಡ, ತೆಳು ಪ್ಲಾಸ್ಟಿಕ್ಕಂತೂ ಬೇಡವೇ ಬೇಡ. ಖಾಲಿ ಓಡಿಸಬಾರದು. 800 ವಾಟ್ ಎಂದು ಬರೆದ ಒಲೆ ಗೋಡೆಯಿಂದ ಎಳೆಯುವುದು ಸುಮಾರು 1200 ವಾಟ್. ಆದ್ದರಿಂದ ಅರ್ಥಿಂಗ್ ಇರುವ 16 ಆಂಪಿಯರ್ ಸಾಕೆಟ್ ಬೇಕು. ಕೆಟ್ಟರೆ ಮನೆಯಲ್ಲಿ ಯಾರೂ ಬಿಚ್ಚಕೂಡದು. ಒಳಗಿನ ಕೆಪಾಸಿಟರ್ ಸಾವಿರಾರು ವೋಲ್ಟಿನದು, ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ತು ಉಳಿದಿರುತ್ತದೆ. ಈ ಪೆಟ್ಟಿಗೆಯಲ್ಲಿ ಪ್ರಾಣ ತೆಗೆಯಬಲ್ಲ ವಸ್ತುವೊಂದಿದ್ದರೆ ಅದು ಇದು.

ಇದನ್ನೆಲ್ಲ ಬರೆಯುವಾಗ ಹಳೆಯ ಅಡುಗೆಮನೆಗಳು ಕಣ್ಣ ಮುಂದೆ ಬರುತ್ತವೆ. ಹೊಗೆಗೆ ಕಪ್ಪಾದ ಜಂತಿ, ಊದುಕೊಳವೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ಅಜ್ಜಿಯಂದಿರು, ಅವರ ಬಿಡದ ಕೆಮ್ಮು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದವರು ಮುಂದೆ ಹೊಗೆ ಹೊರಹಾಕುವ 'ಅಸ್ತ್ರ ಒಲೆ'ಯನ್ನು ರೂಪಿಸಿ ಹಳ್ಳಿಗಳಿಗೆ ತಂದರು. ಅದನ್ನು ಹಾಕಿಸಿಕೊಳ್ಳಿರೆಂದು ಹೇಳಿದರೆ, ಹೊಗೆಯಿಲ್ಲದಿದ್ದರೆ ಅಟ್ಟದ ಅಡಕೆ ಒಣಗುವುದು ಹೇಗೆ ಎಂದು ಕೇಳಿದವರಿದ್ದರು; ಪ್ರಶ್ನೆಯೂ ಸುಳ್ಳಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆ ಒಲೆಗೆ ನಾವು ಪೂಜೆ ಮಾಡುತ್ತಿದ್ದೆವು, ಯಾರೂ ಹೆದರಲಿಲ್ಲ.

ಹೊಸ ಒಲೆ ಎಲ್ಲವನ್ನೂ ಮಾಡದು. ಘಟ್ಟದ ಮೇಲಿನವರ ತೊಡೆದೇವು ಅದರಲ್ಲಿ ಆಗುವ ಮಾತಲ್ಲ. ಮಡಕೆಯೂ ಉರಿಯೂ ಬೇಕೇ ಬೇಕು. ಮೀನು ಹುರಿಯಲೂ ಕಾವಲಿಯೇ ಸರಿ. ಆದರೆ ಬೇಸಿಗೆಯಲ್ಲಿ ಒಣಗಿಸಿಟ್ಟ ಹಲಸಿನ ಹಪ್ಪಳವನ್ನು ಪಿಂಗಾಣಿ ತಟ್ಟೆಯ ಮೇಲೆ ಒಂದೊಂದಾಗಿ ಇಟ್ಟು, ಎಣ್ಣೆ ಹಚ್ಚದೆ, ಅರ್ಧ ನಿಮಿಷಕ್ಕೊಮ್ಮೆ ಮಗುಚಿ ನೋಡಿ. ಒಂದು ನಿಮಿಷದ ಆಸುಪಾಸಿನಲ್ಲಿ ಉಬ್ಬಿ ಬರುತ್ತದೆ. ಅಂಚು ಕಂದುವ ಮೊದಲೇ ತೆಗೆಯಬೇಕು, ತಣಿದ ಮೇಲಷ್ಟೆ ಗರಿಗರಿಯಾಗುವುದು. ಮಳೆ ಹಿಡಿದ ಸಂಜೆಗೆ ಜೊತೆಗೊಂದಿಷ್ಟು ಕಾಯಿಚೂರು ಇದ್ದರೆ ಸಾಕು.