ಅಯೋವಾ ಹಾಕೈಸ್ ಫುಟ್‌ಬಾಲ್ ತಂಡ: 1939ರ ಋತು

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ 1939ರಲ್ಲಿ ಎಂಟು ಪಂದ್ಯಗಳನ್ನು ಆಡಿತು. ಆರರಲ್ಲಿ ಗೆದ್ದು, ಒಂದರಲ್ಲಿ ಸೋತು, ಒಂದನ್ನು ಸಮ ಮಾಡಿಕೊಂಡಿತು. ಬಿಗ್ ಟೆನ್ ಎಂಬ ವಿಶ್ವವಿದ್ಯಾಲಯಗಳ ಕೂಟದಲ್ಲಿ ಒಹಾಯೊ ಸ್ಟೇಟ್ ನಂತರದ ಎರಡನೆಯ ಸ್ಥಾನವೂ ಅಸೋಸಿಯೇಟೆಡ್ ಪ್ರೆಸ್‌ನ ರಾಷ್ಟ್ರೀಯ ಪಟ್ಟಿಯಲ್ಲಿ ಒಂಬತ್ತನೆಯ ಸ್ಥಾನವೂ ಸಿಕ್ಕವು. ಪ್ರಶಸ್ತಿ ಗೆಲ್ಲದ ಈ ತಂಡವನ್ನು ಅಯೋವಾದ ಜನ ಇಂದಿಗೂ ‘ಐರನ್‌ಮೆನ್’, ಅಂದರೆ ಉಕ್ಕಿನ ಮನುಷ್ಯರು ಎಂದೇ ಕರೆಯುತ್ತಾರೆ. ಹಿಂದಿನ ಎರಡು ವರ್ಷಗಳ 16 ಪಂದ್ಯಗಳಲ್ಲಿ ಇದೇ ತಂಡ ಗೆದ್ದದ್ದು ಬರೀ ಎರಡು.

ಆ ವರ್ಷ ತರಬೇತುದಾರನಾಗಿ ಬಂದವನು ಎಡ್ಡಿ ಆಂಡರ್ಸನ್. ವೃತ್ತಿಯಿಂದ ವೈದ್ಯ, ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಪ್ರಸಿದ್ಧ ತರಬೇತುದಾರ ನ್ಯೂಟ್ ರಾಕ್ನಿಯ ಕೈಕೆಳಗೆ ಆಡಿ ಬೆಳೆದವನು. ಅವನಿಗೆ ಸಿಕ್ಕದ್ದು ಆಟಗಾರರ ಕೊರತೆಯಿದ್ದ ತಂಡ. ಆಗಿನ ನಿಯಮವೂ ಕಟ್ಟುನಿಟ್ಟಾಗಿತ್ತು. ಹದಿನೈದು ನಿಮಿಷದ ಒಂದು ಕಾಲುಭಾಗದಲ್ಲಿ ಹೊರಗೆ ಹೋದ ಆಟಗಾರ ಆ ಕಾಲುಭಾಗ ಮುಗಿಯುವವರೆಗೆ ಮರಳುವಂತಿರಲಿಲ್ಲ. ದಾಳಿಗೂ ರಕ್ಷಣೆಗೂ ಅದೇ ಹನ್ನೊಂದು ಮಂದಿ. ಹೀಗಾಗಿ ಅಯೋವಾದ ಮುಖ್ಯ ಆಟಗಾರರು ಮೈದಾನದಲ್ಲಿ ನಿಂತೇ ದಣಿವಾರಿಸಿಕೊಳ್ಳಬೇಕಾಗಿತ್ತು. ಉಕ್ಕಿನ ಮನುಷ್ಯರೆಂಬ ಹೆಸರು ಬಂದದ್ದು ಈ ಅನಿವಾರ್ಯತೆಯಿಂದ.

ತಂಡದ ನಾಯಕ ಅರ್ವಿನ್ ಪ್ರಾಸೆ, ಜೀವಾಳ ನೈಲ್ ಕಿನ್ನಿಕ್. 1918ರಲ್ಲಿ ಅಯೋವಾದ ಏಡೆಲ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಕಿನ್ನಿಕ್‌ನ ತಾತ ಜಾರ್ಜ್ ಕ್ಲಾರ್ಕ್ ಆ ರಾಜ್ಯದ ಗವರ್ನರ್ ಆಗಿದ್ದವನು. ಅಷ್ಟೇನೂ ಎತ್ತರವಿಲ್ಲದ ಈ ಹುಡುಗ ಚೆಂಡು ಎಸೆಯುತ್ತಿದ್ದ, ಹೊತ್ತು ಓಡುತ್ತಿದ್ದ, ಒದೆಯುತ್ತಿದ್ದ, ಎದುರಾಳಿಯ ಎಸೆತವನ್ನು ನಡುವೆಯೇ ಹಿಡಿಯುತ್ತಿದ್ದ. ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿದ ಕ್ಷಣದಲ್ಲೇ ಒದೆಯುವ ‘ಡ್ರಾಪ್ ಕಿಕ್’ ಅವನಿಗೆ ಚೆನ್ನಾಗಿ ಒಲಿದಿತ್ತು. ತಂಡ ಆ ಋತುವಿನಲ್ಲಿ ಗಳಿಸಿದ 130 ಅಂಕಗಳಲ್ಲಿ 107ರ ಹಿಂದೆ ಅವನ ಕೈ ಅಥವಾ ಕಾಲು ಇತ್ತು.

ಸೌತ್ ಡಕೋಟವನ್ನು 41–0ರಿಂದ ಮಣಿಸಿ ಆರಂಭಿಸಿದ ಅಯೋವಾ, ಇಂಡಿಯಾನಾ ವಿರುದ್ಧ 32–29ರಿಂದ ಪಾರಾಯಿತು. ಮಿಷಿಗನ್‌ನಲ್ಲಿ ಮಾತ್ರ 27–7ರ ಸೋಲು; ಆ 27 ಅಂಕಗಳನ್ನೂ ಮಿಷಿಗನ್ ಆಟಗಾರ ಟಾಮ್ ಹಾರ್ಮನ್ ಒಬ್ಬನೇ ಗಳಿಸಿದ. ಆಮೇಲೆ ವಿಸ್ಕಾನ್ಸಿನ್ ಮೇಲೆ 19–13ರ ಗೆಲುವು. ಪರ್ಡ್ಯೂ ವಿರುದ್ಧದ ಪಂದ್ಯದಲ್ಲಂತೂ ಎರಡೂ ಕಡೆಯವರು ಚೆಂಡನ್ನು ಎದುರಾಳಿಯ ಗೋಲು ಗೆರೆ ದಾಟಿಸುವ ‘ಟಚ್‌ಡೌನ್’ ಒಂದನ್ನೂ ಗಳಿಸಲಿಲ್ಲ. ಎದುರಾಳಿಯನ್ನು ಅವನದೇ ಗೋಲು ಗೆರೆಯ ಹಿಂದೆ ಸಿಕ್ಕಿಹಾಕಿಸಿದಾಗ ದೊರೆಯುವ ಎರಡೆರಡು ಅಂಕದ ‘ಸೇಫ್ಟಿ’ ಎರಡು ಸಲ ಸಿಕ್ಕಿ, ಅಯೋವಾ 4–0ರಿಂದ ಗೆದ್ದಿತು.

ಋತುವಿನ ಶಿಖರ ನವೆಂಬರ್ 11ರ ಪಂದ್ಯ. ಅಲ್ಲಿಯವರೆಗೆ ಸೋಲನ್ನೇ ಕಾಣದ ನೋಟರ್ ಡೇಮ್ ಅಯೋವಾ ಸಿಟಿಗೆ ಬಂದಿತ್ತು. ಈ ಎರಡು ತಂಡಗಳು ಹಿಂದೆ ಸೆಣಸಿದ್ದು 1921ರಲ್ಲಿ. ಅಂದು 10–7ರಿಂದ ಸೋತ ನೋಟರ್ ಡೇಮ್‌ನ ನಾಯಕ ಬೇರಾರೂ ಅಲ್ಲ, ಈಗ ಅಯೋವಾದ ಪಾಳೆಯದಲ್ಲಿ ನಿಂತಿದ್ದ ಆಂಡರ್ಸನ್. ಮೊದಲರ್ಧದ ಕೊನೆಯಲ್ಲಿ ನೋಟರ್ ಡೇಮ್‌ನ ಗೋಲು ಗೆರೆಯ ಹತ್ತಿರವೇ ಅಯೋವಾಕ್ಕೆ ಚೆಂಡು ಸಿಕ್ಕಿತು. ಕಿನ್ನಿಕ್ ತನ್ನ ಮಾಮೂಲಿ ಎಡ ಜಾಗ ಬಿಟ್ಟು ಬಲಕ್ಕೆ ನಿಂತ, ಚೆಂಡು ಹಿಡಿದು ಗೆರೆಯಾಚೆ ನುಗ್ಗಿದ. ಬೆನ್ನಿಗೇ ಡ್ರಾಪ್ ಕಿಕ್‌ನಿಂದ ಏಳನೆಯ ಅಂಕವನ್ನೂ ಸೇರಿಸಿದ. ಕೊನೆಯ ಕಾಲುಭಾಗದಲ್ಲಿ ನೋಟರ್ ಡೇಮ್ ಟಚ್‌ಡೌನ್ ಗಳಿಸಿತಾದರೂ ಹೆಚ್ಚುವರಿ ಅಂಕದ ಒದೆತ ಗುರಿ ತಪ್ಪಿತು. ಉಳಿದದ್ದು 7–6ರ ಮುನ್ನಡೆ ಮಾತ್ರ. ಅದನ್ನು ಕಾಪಾಡಿದ್ದೂ ಕಿನ್ನಿಕ್‌ನ ಕಾಲೇ. ಆ ದಿನ ಅವನು, ಕೈಯಿಂದ ಬಿಟ್ಟ ಚೆಂಡನ್ನು ನೆಲ ಮುಟ್ಟುವ ಮೊದಲೇ ದೂರಕ್ಕೆ ಒದೆಯುವ ‘ಪಂಟ್’ಗಳನ್ನು 16 ಸಲ ಒದೆದು ಚೆಂಡನ್ನು ಒಟ್ಟು 731 ಗಜ ಹಿಂದಕ್ಕಟ್ಟಿದ. ಆಟದ ಕೊನೆಗೆ 63 ಗಜದ ಒಂದು ಪಂಟ್ ನೋಟರ್ ಡೇಮನ್ನು ಅದರ ಗೋಲಿನ ಮೂಲೆಗೇ ತಳ್ಳಿಬಿಟ್ಟಿತು. ಟಚ್‌ಡೌನ್ ಜನರ ನೆನಪಿನಲ್ಲಿ ಉಳಿಯಿತು. ಪಂದ್ಯ ಗೆಲ್ಲಿಸಿಕೊಟ್ಟದ್ದು ಮಾತ್ರ ಈ ಪಂಟ್‌ಗಳೆಂದೇ ಹೇಳಬೇಕು.

ಮುಂದಿನ ವಾರ ಮಿನೆಸೋಟ ವಿರುದ್ಧ ಮೂರು ಕಾಲುಭಾಗ ಮುಗಿದಾಗ ಅಯೋವಾ 0–9ರಿಂದ ಹಿಂದಿತ್ತು. ಕಿನ್ನಿಕ್‌ನ ಎಸೆತಗಳನ್ನು ಮೊದಲು ಪ್ರಾಸೆ, ನಂತರ ಬಿಲ್ ಗ್ರೀನ್ ಹಿಡಿದು ಪಂದ್ಯವನ್ನು 13–9ಕ್ಕೆ ತಿರುಗಿಸಿದರು. 1935ರಲ್ಲಿ ಎರಡು ರಾಜ್ಯಗಳ ಗವರ್ನರುಗಳು ಹಂದಿಯೊಂದನ್ನು ಪಣಕ್ಕಿಟ್ಟದ್ದರಿಂದ ಹುಟ್ಟಿದ ‘ಫ್ಲಾಯ್ಡ್ ಆಫ್ ರೋಸ್‌ಡೇಲ್’ ಪಾರಿತೋಷಕ ಅಯೋವಾಕ್ಕೆ ಮೊದಲ ಬಾರಿ ದಕ್ಕಿದ್ದು ಅಂದೇ. ಕೊನೆಯ ಪಂದ್ಯ ನಾರ್ತ್‌ವೆಸ್ಟರ್ನ್ ಜೊತೆ 7–7ರಲ್ಲಿ ಸಮವಾಯಿತು. ಅದರಲ್ಲಿ ಕಿನ್ನಿಕ್‌ನ ಭುಜ ಜಾರಿ, ಅವನು ಹೊರನಡೆಯಬೇಕಾಯಿತು. ಅಷ್ಟರಲ್ಲಿ ಅವನು ಸತತ 402 ನಿಮಿಷ ಮೈದಾನ ಬಿಡದೆ ಆಡಿದ್ದ.

ಕಾಲೇಜು ಫುಟ್‌ಬಾಲ್‌ನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಆ ವರ್ಷ ಕಿನ್ನಿಕ್‌ಗೆ ಸಂದಿತು. ಯುರೋಪಿನಲ್ಲಿ ಯುದ್ಧ ಆರಂಭವಾಗಿ ಆಗ ಮೂರು ತಿಂಗಳು. ಪ್ರಶಸ್ತಿ ಸ್ವೀಕರಿಸುತ್ತ ಅವನು, ತಾನು ಅಲ್ಲಿನ ರಣರಂಗಕ್ಕಲ್ಲದೆ ಅಮೆರಿಕದ ಆಟದ ಬಯಲಿಗೆ ಹುಟ್ಟಿದ್ದಕ್ಕಾಗಿ ದೇವರಿಗೆ ಕೃತಜ್ಞತೆ ಹೇಳಿದ. ಎರಡು ವರ್ಷಗಳ ಬಳಿಕ, ಪರ್ಲ್ ಹಾರ್ಬರ್ ದಾಳಿಗೆ ಮೂರು ದಿನ ಮೊದಲು, ನೌಕಾಪಡೆಯ ವೈಮಾನಿಕ ತರಬೇತಿಗೆ ಸೇರಿದ. 1943ರ ಜೂನ್ 2ರಂದು ಲೆಕ್ಸಿಂಗ್‌ಟನ್ ಹಡಗಿನಿಂದ ತರಬೇತಿ ಹಾರಾಟಕ್ಕೆ ಹೊರಟ ಅವನ ವೈಲ್ಡ್‌ಕ್ಯಾಟ್ ವಿಮಾನದಲ್ಲಿ ತೈಲ ಸೋರಿ, ವೆನೆಜುವೆಲದ ಬಳಿ ಪರಿಯಾ ಕೊಲ್ಲಿಯಲ್ಲಿ ಇಳಿಯಬೇಕಾಯಿತು. ದೇಹ ಸಿಗಲಿಲ್ಲ. ಆಗ ಅವನಿಗೆ 24 ವರ್ಷ. ಆಟದಂಗಿಯ ಸಂಖ್ಯೆಯೂ 24. ವಿಶ್ವವಿದ್ಯಾಲಯ ಅದನ್ನು ಅವನ ಗೌರವಾರ್ಥ ಕಾಯ್ದಿರಿಸಿದೆ. 1972ರಲ್ಲಿ ಅಯೋವಾ ಸಿಟಿಯ ಕ್ರೀಡಾಂಗಣಕ್ಕೆ ಕಿನ್ನಿಕ್ ಕ್ರೀಡಾಂಗಣವೆಂದು ಹೆಸರಿಡಲಾಯಿತು.